ಶಾರ್ಕಿನ ವಕೀಲ

ಗೋಡೆಯ ಆಚೆ ತಮ್ಮನ ಮಗಳು ಶಾಲೆಯ ಭಾಷಣ ಬಾಯಿಪಾಠ ಮಾಡುತ್ತ ತನ್ನ ಅಪ್ಪನ ಕೈಯನ್ನು ಮತ್ತೊಮ್ಮೆ ಶಾರ್ಕಿನ ಬಾಯಿಗೆ ಕೊಡುತ್ತಿದ್ದಳು. "ಆಗ ಆ ಭಯಂಕರವಾದ ಶಾರ್ಕ್ ತನ್ನ ಗರಗಸದಂಥ ಹಲ್ಲುಗಳಿಂದ ನನ್ನ ತಂದೆಯವರ ಎಡಗೈಯನ್ನು..." ಇಲ್ಲಿಗೆ ಬರುವಷ್ಟರಲ್ಲಿ ಹುಡುಗಿಯ ಉಸಿರು ಮುಗಿದುಹೋಗುತ್ತಿತ್ತು, ಮತ್ತೆ ಮೊದಲಿನಿಂದ. ಕನ್ನಡಿಯ ಮುಂದೆ ಕೆನ್ನೆಗೆ ಸಾಬೂನು ಬಳಿದುಕೊಂಡು ನಿಂತಿದ್ದ ಅವನು, ಕೈ ತುಂಡಾಗುವ ಹೊತ್ತು ಬಂದಾಗಲೆಲ್ಲ ರೇಜರನ್ನು ಚರ್ಮದಿಂದ ಎತ್ತಿ ಹಿಡಿಯುತ್ತಿದ್ದ. ಗರಗಸದಂಥ ಎಂಬುದು ತಪ್ಪು, ಎಲ್ಲ ಶಾರ್ಕುಗಳಿಗೂ ಒಂದೇ ಬಗೆಯ ಹಲ್ಲಿರುವುದಿಲ್ಲ. ಭಯಂಕರವಾದ ಎಂಬುದು ತಪ್ಪು. ಶಾರ್ಕ್ ಎಂಬುದೇ ತಪ್ಪು. ಹೀಗೆ ಒಂದೊಂದಾಗಿ ಅಳಿಸುತ್ತ ಹೋದರೆ ಆ ವಾಕ್ಯದಲ್ಲಿ ಕೊನೆಗೆ ಉಳಿಯುವುದು ಎಡಗೈ ಮಾತ್ರ, ಅದೂ ಇಲ್ಲದ ಎಡಗೈ. ಈ ಲೆಕ್ಕಾಚಾರದಲ್ಲಿ ತನಗೆ ಒಂದು ಬಗೆಯ ಹುಳಿ ಸುಖ ಸಿಗುತ್ತಿದೆಯೆಂದು ಹೊಳೆದು ಅವನು ಕನ್ನಡಿಯಲ್ಲಿ ತನ್ನ ಕಣ್ಣನ್ನು ತಪ್ಪಿಸಿಕೊಂಡ.

"ತಾತನ ದೋಣಿ ಎಲ್ಲಿ ಹೋಯ್ತೇ?" ಅಡುಗೆಮನೆಯಿಂದ ಅಮ್ಮನ ದನಿ.

"ಟೀಚರ್ ತೆಗೆದುಹಾಕಿದ್ರು ಅಜ್ಜಿ. ಒಬ್ಬರ ಮನೆಯಿಂದ ಒಬ್ಬರೇ ವೀರರು ಅಂತೆ."

"ಅದ್ಯಾವ ಸೀಮೆ ಟೀಚರು! ಆ ಗಾಳಿಯಲ್ಲಿ ಇನ್ನೊಂದು ದೋಣಿ ನೀರಿಗೆ ಇಳಿದಿತ್ತಾ ಕೇಳು ಅವಳನ್ನ. ಗಂಡಸರೆಲ್ಲ ದಡದ ಮೇಲೆ ಕೈ ಕಟ್ಕೊಂಡು ನಿಂತಿದ್ರು. ನಿಮ್ಮ ತಾತ ಒಬ್ರೇ ಎಂಜಿನ್ ಹಾಕ್ಕೊಂಡು ಹೋಗಿ ಮಗನ್ನ ಎತ್ಕೊಂಡು ಬಂದ್ರು. ಅವರು ಹೋಗ್ದೇ ಇದ್ದಿದ್ರೆ ನಿಮ್ಮಪ್ಪ ಎಲ್ಲಿರ್ತಿದ್ದ? ನೀನೆಲ್ಲಿರ್ತಿದ್ದೆ?"

"ನಾನಾಗ ಹುಟ್ಟೇ ಇರ್ಲಿಲ್ಲ."

"ಅದನ್ನೇ ಹೇಳ್ತಿರೋದು, ಪೆದ್ದಿ."

ಅವನು ನಲ್ಲಿಯನ್ನು ಜೋರಾಗಿ ತಿರುಗಿಸಿದ. ಅಮ್ಮ ಈ ಕಥೆಗೆ ಬಾಯಿ ತೆರೆದಾಗಲೆಲ್ಲ ನಲ್ಲಿ ತಿರುಗಿಸುವುದೋ, ಕುರ್ಚಿ ಎಳೆಯುವುದೋ, ಎದ್ದು ಮಹಡಿಯ ಕೋಣೆಗೆ ಹೋಗುವುದೋ ಎಷ್ಟು ರೂಢಿಯಾಗಿಬಿಟ್ಟಿತ್ತೆಂದರೆ, ತಾನು ಕಿವಿ ಮುಚ್ಚಿಕೊಳ್ಳುತ್ತಿದ್ದೇನೆಂಬುದು ಅವನಿಗೇ ತಿಳಿಯುತ್ತಿರಲಿಲ್ಲ. ನೆಂಟರು ಬಂದಾಗ, ನೆರೆಯವರು ಬಂದಾಗ, ಕೊನೆಗೆ ವಿದ್ಯುತ್ ತಂತಿ ಸರಿಮಾಡಲು ಬಂದವನ ಎದುರಿಗೂ ಆ ಕಥೆ ನಡೆದಿತ್ತು. ಪ್ರತಿಸಲವೂ ಅದೇ ಗಾಳಿ, ಅದೇ ಅಲೆ, ಕೊಚ್ಚಿಹೋಗುತ್ತಿದ್ದ ಅದೇ ಅಪರಿಚಿತ ಹುಡುಗಿ. ಅವಳನ್ನು ಬಂಡೆಗೆ ಮುಟ್ಟಿಸಿ ತಾನು ನೀರಿನಲ್ಲೇ ಉಳಿದ ಅದೇ ತಮ್ಮ. ಆ ಕಥೆಯಲ್ಲಿ ಅವನಿಗೆ ಜಾಗವಿರಲಿಲ್ಲ. ಆಗ ಅವನು ದೂರದ ಊರೊಂದರ ಕಾಲೇಜಿನಲ್ಲಿ ಮೀನುಗಳ ದವಡೆಗಳನ್ನು ಬಿಡಿಸಿ ನೋಡುತ್ತ ಕುಳಿತಿದ್ದ.

ಊಟದ ಮೇಜಿನ ಬಳಿ ತಮ್ಮ ಅಂಗಿ ಬಿಚ್ಚಿ ಕುಳಿತಿದ್ದ. ಅಮ್ಮ ಅವನ ಮೊಣಕೈಯ ಕೆಳಗೆ ಉಳಿದಿರುವ ಮೋಟಿಗೆ ಎಣ್ಣೆ ಹಚ್ಚುತ್ತಿದ್ದಳು. ಅಪ್ಪ ಬದುಕಿದ್ದಾಗ ಈ ಕೆಲಸ ಅಪ್ಪನದಾಗಿತ್ತು. ಬೇರೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕುವುದು, ಷೂಸಿನ ದಾರ ಬಿಗಿಯುವುದು, ತಟ್ಟೆಯಲ್ಲಿದ್ದುದನ್ನು ತುಂಡುಮಾಡಿ ತುತ್ತು ತುತ್ತಾಗಿ ಬಾಯಿಗಿಡುವುದು: ಮೀಸೆ ಬಂದ ಮಗನಿಗೆ ಅಪ್ಪ ಇದನ್ನೆಲ್ಲ ಮಾಡುತ್ತಿದ್ದುದನ್ನು ಅವನು ಎದುರು ಕುರ್ಚಿಯಲ್ಲಿ ಕುಳಿತು, ತನ್ನ ಎರಡೂ ಕೈಗಳಿಂದ ತಾನೇ ಊಟ ಮಾಡುತ್ತ ನೋಡಿದ್ದ. ಎರಡು ಕೈ ಇರುವುದು ಈ ಮನೆಯಲ್ಲಿ ಒಂದು ಕೊರತೆಯೇ ಸರಿ ಎಂದು ಆಗ ಅನ್ನಿಸಿತ್ತು. ಈಗ ಅಮ್ಮನ ಬೆರಳು ಮೋಟಿನಿಂದ ಮೇಲಕ್ಕೆ ಏರಿ ತೋಳಿನ ಮೇಲಿನ ಮೂರು ಗಾಯದ ಗೆರೆಗಳ ಮೇಲೆ ಓಡಾಡುತ್ತಿತ್ತು. ಒಂದರ ಪಕ್ಕದಲ್ಲೊಂದು, ಒಂದೇ ಅಂತರದಲ್ಲಿ, ಒಂದೇ ಕಡೆಗೆ ತುಸು ಬಾಗಿದ ಗೆರೆಗಳು. "ಇದು ಮೇಲಿನ ಹಲ್ಲಿಂದು. ಇದು ಕೆಳಗಿಂದು," ಎಂದು ಅಮ್ಮ ಮೊಮ್ಮಗಳಿಗೆ ತೋರಿಸುತ್ತಿದ್ದಳು. ದೇವರ ಪಟದ ಮುಂದೆ ಮಾತ್ರ ಬರುವಂಥ ಮೃದುತ್ವ ಅವಳ ದನಿಯಲ್ಲಿತ್ತು.

"ವಕೀಲರು ಬಂದ್ರು," ಅಂದಳು ಅವನನ್ನು ನೋಡಿ. "ಏನಪ್ಪಾ, ನಿನ್ನ ಕಕ್ಷಿದಾರ ಹೇಗಿದೆ? ತಮ್ಮನ ಕೈ ತಿಂದ ಜಾತಿಗೆ ಇವತ್ತೇನು ಊಟ?"

"ಅದು ಬೇರೆ ಜಾತಿ ಅಮ್ಮ. ನಮ್ಮ ಮತ್ಸ್ಯಾಲಯದಲ್ಲಿರೋದು ಏಡಿ, ಸಿಗಡಿ ತಿನ್ನೋದು."

"ಎಲ್ಲಾ ಒಂದೇ. ಕಳ್ಳನ ಪರ ವಕೀಲರು ಹೇಳೋದೂ ಹಿಂಗೇ."

ತಮ್ಮ ನಕ್ಕ. ಅವನಿಗೆ ಸುಲಭವಾಗಿ ನಗು ಬರುತ್ತಿತ್ತು. ಈಜುಕೊಳದಲ್ಲಿ ಮಕ್ಕಳಿಗೆ ಒಂದೇ ಕೈಯಲ್ಲಿ ಈಜು ಕಲಿಸುವ, ಕಂಡವರೆಲ್ಲ ಬೆನ್ನು ತಟ್ಟಿ ಮಾತಾಡಿಸುವ ಮನುಷ್ಯನ ನಗು. ಅಮ್ಮ ಎಣ್ಣೆಯ ಬಟ್ಟಲನ್ನು ಒಳಗಿಡಲು ಹೋದಾಗ ಆ ನಗು ಹಾಗೆಯೇ ಮುಖದ ಮೇಲಿದ್ದಂತೆ ತಮ್ಮ ತಗ್ಗಿದ ದನಿಯಲ್ಲಿ ಹೇಳಿದ: "ಅಣ್ಣಾ, ಇವತ್ತೊಂದು ದಿನ ಸುಮ್ನಿದ್ದುಬಿಡು. ನನ್ನ ಮಗಳ ಸ್ಕೂಲಿನವರೆಲ್ಲ ನಿಮ್ಮಲ್ಲಿಗೆ ಬರ್ತಾರೆ. ಅಮ್ಮನೂ ಬರ್ತಾಳಂತೆ. ಏನು ಹೇಳಿದ್ರೂ ತಿದ್ದೋಕೆ ಹೋಗ್ಬೇಡ."

"ನಾನ್ಯಾಕೆ ತಿದ್ದಲಿ?"

"ನೀನು ತಿದ್ದದೇ ಇರೋ ದಿನ ಯಾವುದಿದೆ ಹೇಳು," ಎಂದು ತಮ್ಮ ಅಂಗಿಯನ್ನು ಮೋಟಿನ ಮೇಲೆ ಹಾಕಿಕೊಂಡ. ಖಾಲಿ ತೋಳನ್ನು ಮಡಿಸಿ ಪಿನ್ನು ಚುಚ್ಚುವ ಕೆಲಸ ಒಂದೇ ಕೈಗೆ ಕಷ್ಟ. ಅವನು ನೋಡುತ್ತ ನಿಂತ. ತಮ್ಮ ಹಲ್ಲಿನಿಂದ ಬಟ್ಟೆ ಕಚ್ಚಿಕೊಂಡು ತಾನೇ ಚುಚ್ಚಿಕೊಂಡ.

ಮತ್ಸ್ಯಾಲಯದ ತನಕ ನಡೆಯುವಾಗ ಆ ಮೂರು ಗೆರೆಗಳು ಅವನ ಜೊತೆಗೇ ಬಂದವು. ಅಂಗಡಿಗಳ ಅರ್ಧ ಎತ್ತಿದ ಕದಗಳಲ್ಲಿ, ಫುಟ್‌ಪಾತಿನ ಕಲ್ಲು ಸಂದುಗಳಲ್ಲಿ, ಬಸ್ಸಿನ ಕಿಟಕಿಯ ಸರಳುಗಳಲ್ಲಿ ಅವು ಮೂಡುತ್ತಿದ್ದವು. ಅವುಗಳನ್ನು ಮೊದಲು ನೋಡಿದ್ದು ಆಸ್ಪತ್ರೆಯಲ್ಲಿ, ದಾದಿ ಪಟ್ಟಿ ಬದಲಿಸುವಾಗ. ಜ್ವರದಲ್ಲಿ ತಮ್ಮ ಕಣ್ಣು ಮುಚ್ಚಿದ್ದ. ಶಾರ್ಕು ಕಚ್ಚಿದರೆ ಮಾಂಸ ಅರ್ಧಚಂದ್ರದಂತೆ ಹರಿಯುತ್ತದೆ, ಅಂಚು ಚಿಂದಿಯಾಗುತ್ತದೆ, ಹಲ್ಲುಗಳು ಚುಚ್ಚಿದ ತೂತುಗಳು ಉಳಿಯುತ್ತವೆ. ಇಲ್ಲಿ ತೂತಿರಲಿಲ್ಲ, ಚಿಂದಿಯಿರಲಿಲ್ಲ. ರೊಟ್ಟಿ ಕೊಯ್ಯುವ ಯಂತ್ರಕ್ಕೆ ತೋಳು ಕೊಟ್ಟಂತಿತ್ತು. ದೋಣಿಯ ಎಂಜಿನ್ನಿನ ಕೆಳಗೆ ನೀರಿನಲ್ಲಿ ತಿರುಗುವ ಅಲಗುಗಳು ಮಾತ್ರ ಹೀಗೆ ಬರೆಯುತ್ತವೆ. ಅದನ್ನು ಕಂಡ ಕ್ಷಣದಲ್ಲಿ ಅವನಿಗಾದದ್ದು ದುಃಖವಲ್ಲ, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದಾಗ ಆಗುವ ಪುಳಕ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೊರಗೆ ಪಡಸಾಲೆಯಲ್ಲಿ ಕೂತಿದ್ದ ಅಪ್ಪನ ಬಳಿ ಹೋಗಿ, "ಅಪ್ಪಾ, ಆ ಗಾಯ ನೋಡಿದರೆ ಶಾರ್ಕಿನದ್ದು ಅಂತ ಅನ್ಸಲ್ಲ..." ಎಂದು ಶುರುಮಾಡಿದ್ದ. ಅಪ್ಪ ಅವನ ಮಣಿಕಟ್ಟನ್ನು ಹಿಡಿದ ಬಿಗಿ ಈಗಲೂ ನೆನಪಿದೆ. "ಬಿಡು," ಅಂದಿದ್ದರು. ಆ ಹೊತ್ತಿಗೆ ಪತ್ರಿಕೆಯವರು ಫೋಟೋ ತೆಗೆದುಕೊಂಡು ಹೋಗಿಯಾಗಿತ್ತು. ಜಿಲ್ಲೆಯ ದೊಡ್ಡವರೊಬ್ಬರು ಪದಕದ ಮಾತಾಡಿದ್ದರು. ಅಪ್ಪನಿಗೂ ಪದಕ ಬೇಕಾಗಿದೆ ಎಂದು ಅವನು ಅಂದೇ ತೀರ್ಮಾನಿಸಿಬಿಟ್ಟ. ದೋಣಿ ಕೊಯ್ದ ಕೈಗೆ ಜನ ಅಯ್ಯೋ ಅನ್ನುತ್ತಾರೆ, ಶಾರ್ಕು ತಿಂದ ಕೈಗೆ ಹಾರ ಹಾಕುತ್ತಾರೆ. ತಮ್ಮ ಹಾರವನ್ನು ಆರಿಸಿಕೊಂಡ. ಯಾವುದೋ ಪ್ರವಾಸಿಗಳ ದೋಣಿಗೆ ಅಡ್ಡ ಹೋಗಿ ಪೆಟ್ಟು ತಿಂದು, ಮೀನಿನ ತಲೆಗೆ ಕಟ್ಟಿದ ಎಂಬುದು ಅವನ ಲೆಕ್ಕ.

ಮುಂದೆ ಆದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಊರಿನ ಗಂಡಸರು ತಿಂಗಳುಗಟ್ಟಲೆ ಗಾಳ, ಬಲೆ, ಭರ್ಜಿ ಹಿಡಿದು ಶಾರ್ಕಿನ ಬೇಟೆಗೆ ಹೋದರು. ಕಟ್ಟೆಯ ಮೇಲೆ ಬಾಲಕ್ಕೆ ಹಗ್ಗ ಕಟ್ಟಿ ತೂಗಿದ ಮೀನುಗಳಲ್ಲಿ ಮೊಣಕಾಲುದ್ದದ ಮರಿಗಳೂ ಇದ್ದವು, ಕೆಸರಿನಲ್ಲಿ ಚಿಪ್ಪು ಹೆಕ್ಕಿ ತಿನ್ನುವ ಬಡಪಾಯಿಗಳೂ ಇದ್ದವು. ಮಕ್ಕಳು ಅವುಗಳ ಸತ್ತ ಬಾಯೊಳಗೆ ತಲೆಯಿಟ್ಟು ಫೋಟೋ ತೆಗೆಸಿಕೊಂಡರು. ಅಪ್ಪ ಆ ಕಡೆಗೆ ಹೋಗಲೇ ಇಲ್ಲ. ಮೀನು ಹಿಡಿಯುವುದನ್ನೇ ಬಿಟ್ಟರು. ದೋಣಿಯಿಂದ ಎಂಜಿನ್ ಬಿಚ್ಚಿ ಹಿತ್ತಲ ಕೊಟ್ಟಿಗೆಯಲ್ಲಿ ಗೋಣಿಚೀಲ ಮುಚ್ಚಿಟ್ಟರು. ಯಾಕೆಂದು ಕೇಳಿದರೆ, "ಎಂಜಿನ್ ಸದ್ದಿಗೆ ಶಾರ್ಕ್ ಬರುತ್ತೆ," ಅಂದರು. ಅವನು ಅಪ್ಪನನ್ನು ಕೂಡಿಸಿಕೊಂಡು, ಇದು ಜನರ ತಪ್ಪು ತಿಳುವಳಿಕೆ, ಅಂಥ ಸದ್ದಿಗೆ ಅವು ದೂರ ಹೋಗುವುದೇ ಹೆಚ್ಚು ಎಂದು ಒಂದು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದ. ಅಪ್ಪ ಕೊನೆಯ ತನಕ ಕೇಳಿ, "ಹೌದೇನಪ್ಪ," ಎಂದು ಎದ್ದು ಹೋಗಿದ್ದರು. ಓದು ಅರ್ಧಕ್ಕೆ ನಿಲ್ಲಿಸಿ ಬಂದವನು ಅವನು. ಮತ್ಸ್ಯಾಲಯದಲ್ಲಿ ಗಾಜು ಒರೆಸುವ ಕೆಲಸಕ್ಕೆ ಸೇರಿ, ಆಮೇಲೆ ಊಟ ಹಾಕುವವನಾಗಿ, ಆಮೇಲೆ ಮೈಕು ಹಿಡಿದು ವಿವರಣೆ ಹೇಳುವವನಾಗಿ, ಮನೆಯ ಬಾಡಿಗೆ, ಅಪ್ಪನ ಔಷಧಿ, ತಮ್ಮನ ಮದುವೆ ಎಲ್ಲವನ್ನೂ ಹೊತ್ತವನು ಅವನು. ಮನೆಯಲ್ಲಿ ಅದಕ್ಕೊಂದು ಹೆಸರಿರಲಿಲ್ಲ. ಸಂಬಳ ತರುವವನ ಬಗ್ಗೆ ಯಾರೂ ಭಾಷಣ ಬರೆಯುವುದಿಲ್ಲ.

ಮತ್ಸ್ಯಾಲಯದ ಬಾಗಿಲಲ್ಲಿ ಬಣ್ಣದ ಬಟ್ಟೆ ಕಟ್ಟಿದ್ದರು: "ನಮ್ಮ ಮನೆಯ ವೀರರು." ಪಕ್ಕದಲ್ಲಿ ರಟ್ಟಿನ ಶಾರ್ಕೊಂದು ಬಾಯಿ ತೆರೆದು ನಿಂತಿತ್ತು, ಒಳಗೆ ಕೆಂಪು ಬಲ್ಬು. ಹೊಸ ವ್ಯವಸ್ಥಾಪಕಿ ಅವನನ್ನು ನೋಡಿ ಕೈಗಡಿಯಾರ ನೋಡಿಕೊಂಡಳು. ಒಳ್ಳೆಯ ಹೆಣ್ಣುಮಗಳೇ, ಜನ ಬಾರದಿದ್ದರೆ ಬಾಗಿಲು ಮುಚ್ಚಬೇಕಾಗುತ್ತದೆ ಎಂಬ ಭಯ ಅವಳನ್ನು ಒರಟಾಗಿಸಿತ್ತು.

"ಸರ್, ಇವತ್ತು ನಿಮ್ಮ ಮಾಮೂಲು ಪಾಠ ಬೇಡ. ಮಗು ಮಾತಾಡುತ್ತೆ, ನಿಮ್ಮ ತಮ್ಮ ಕೈ ಬೀಸ್ತಾರೆ, ಆಮೇಲೆ ನಾವು ಊಟ ತೋರಿಸ್ತೀವಿ. ಸೋಮಾರಿ ಏನಾದ್ರೂ ಬಾಯಿ ಹಾಕುತ್ತಾ?"

"ವಾರದಿಂದ ಉಪವಾಸ ಹಾಕಿದೀರಿ. ಹಾಕದೇ ಏನು ಮಾಡುತ್ತೆ."

"ಹಾಗಂತ ಮುಖ ಊದಿಸ್ಕೋಬೇಡಿ. ಜನ ಕೂಗಿದ್ರೆ ತಾನೇ ಟಿಕೆಟ್ಟು? ತೊಟ್ಟಿ ತಳದಲ್ಲಿ ಮಲಗಿರೋ ಮೀನು ನೋಡೋಕೆ ಯಾರು ಬರ್ತಾರೆ, ಮನೇಲಿ ಗಂಡಂದಿರು ಇಲ್ವಾ?"

ಸೋಮಾರಿ ಎಂಬುದು ಅವನೇ ಇಟ್ಟ ಹೆಸರು. ಕಂದು ಮೈಯ, ಮೂಗಿನ ಕೆಳಗೆ ಎರಡು ಎಳೆ ಮೀಸೆಯಿರುವ ಮುದಿ ಶಾರ್ಕು. ಹಗಲೆಲ್ಲ ಮರಳಿನ ಮೇಲೆ ಹೊಟ್ಟೆ ಹಾಸಿ ಬಿದ್ದಿರುವುದು, ಅವನು ಬಂದ ನೆರಳು ಕಂಡರೆ ಗಾಜಿನ ಹತ್ತಿರಕ್ಕೆ ಸರಿದು ಮೀಸೆಯನ್ನು ಗಾಜಿಗೆ ತಾಗಿಸುವುದು. ಇಷ್ಟೇ ಅದರ ಕ್ರೌರ್ಯ. ಇವತ್ತು ಅದು ಮಲಗಿರಲಿಲ್ಲ. ತೊಟ್ಟಿಯ ಅಂಚಿಗೆ ಮೈ ಉಜ್ಜುತ್ತ ಸುತ್ತುತ್ತಿತ್ತು. ಅವನು ಗಾಜಿನ ಮೇಲೆ ಅಂಗೈಯಿಟ್ಟ. ಅದು ನಿಲ್ಲಲಿಲ್ಲ. ಎಷ್ಟೋ ವರ್ಷಗಳಿಂದ ಇದೇ ಜಾಗದಲ್ಲಿ ನಿಂತು ಅವನು ಬಂದವರಿಗೆ ಹೇಳುತ್ತಿದ್ದ: ಇವು ಮನುಷ್ಯನ ಹಿಂದೆ ಬೀಳುವುದಿಲ್ಲ, ನಮ್ಮ ಮಾಂಸ ಇವುಗಳ ಊಟವಲ್ಲ, ಇವು ನಮಗೆ ಮಾಡಿದ್ದಕ್ಕಿಂತ ನಾವು ಇವುಗಳಿಗೆ ಮಾಡಿದ್ದು ಹೆಚ್ಚು. ಜನ ತಲೆಯಾಡಿಸಿ ಕೇಳಿ, ಕೊನೆಗೆ, "ಅದ್ಸರಿ ಸಾರ್, ಇದು ಮನುಷ್ಯರನ್ನ ತಿನ್ನುತ್ತಾ?" ಎಂದು ಕೇಳುತ್ತಿದ್ದರು. ಊರಿನಲ್ಲಿ ಒಂದು ಕೈಯಿಲ್ಲದ ತೋಳು ಓಡಾಡುತ್ತಿರುವಾಗ ಅವನ ಎರಡು ಕೈಯ ಮಾತಿಗೆ ತೂಕವೆಲ್ಲಿಂದ ಬರಬೇಕು?

ಮಕ್ಕಳು ಬಂದರು, ಅವರ ವೀರರೂ ಬಂದರು. ಬೆಂಕಿ ಆರಿಸುವ ದಳದ ಒಬ್ಬಾತ, ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಂಡು ಹೊಲಿಗೆಯಲ್ಲಿ ಮನೆ ನಡೆಸುವ ಒಬ್ಬಳು, ಬಸ್ಸಿನ ಬ್ರೇಕು ಕೆಟ್ಟಾಗ ಜನರನ್ನು ಉಳಿಸಿದ ಚಾಲಕ. ಹೊಲಿಗೆಯವಳ ಬಗ್ಗೆ ಅವಳ ಮಗ ಮಾತಾಡುವಾಗ ಸಭೆ ಪಿಸುಗುಟ್ಟುತ್ತಿತ್ತು. ಅವಳು ತನ್ನ ಕಾಲಬೆರಳುಗಳನ್ನು ನೋಡುತ್ತ ನಿಂತಿದ್ದಳು. ತಮ್ಮನ ಸರದಿ ಬಂದಾಗ ಚಪ್ಪಾಳೆಗೆ ಗಾಜು ನಡುಗಿತು. ಹುಡುಗಿ ಉಸಿರು ತಪ್ಪದೆ ಪೂರ್ತಿ ಒಪ್ಪಿಸಿದಳು. ಗರಗಸದಂಥ ಹಲ್ಲುಗಳ ಬಳಿ ತಾನೇ ಬೆಚ್ಚಿದಂತೆ ಕಣ್ಣು ಅಗಲಿಸಿದಳು, ಚೆನ್ನಾಗಿ ಮಾಡಿದಳು. ತಮ್ಮ ಪಿನ್ನು ತೆಗೆದು ತೋಳು ಮಡಿಸಿ ಮೂರು ಗೆರೆ ತೋರಿಸಿದ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದ ಅಮ್ಮ ಯಾರೂ ಕರೆಯದೆ ಎದ್ದು ಬಂದು ಮೊಮ್ಮಗಳ ಕೈಯಿಂದ ಮೈಕು ತೆಗೆದುಕೊಂಡಳು.

"ಇವರಪ್ಪನ ಹೆಸರು ಬಿಟ್ಟುಬಿಟ್ಟಿದಾರೆ," ಅಂದಳು. ಸಭೆ ನಕ್ಕಿತು. "ನಗ್ಬೇಡಿ. ಅವತ್ತು ಕಡಲಲ್ಲಿ ಬೇರೆ ಒಂದು ದೋಣಿ ಇರ್ಲಿಲ್ಲ. ಒಂದೇ ಒಂದು. ನಮ್ಮೋರದ್ದು. ಅಲೆ ಅಷ್ಟೆತ್ತರ ಎತ್ತಿ ಎತ್ತಿ ಹಾಕ್ತಿತ್ತು. ಆ ದೋಣಿ ಹೋಗಿ ತಾನೇ ಇವನು ಬದುಕಿದ್ದು? ಈಗ ಅವರಿಲ್ಲ. ಅದಕ್ಕೇ ನಾನು ಹೇಳ್ತಿದೀನಿ."

ಅವನು ಅಮ್ಮನ ಕಡೆ ನೋಡುತ್ತಿರಲಿಲ್ಲ. ತೊಟ್ಟಿಯ ಮೇಲಿನ ಕಟಕಟೆಯಲ್ಲಿ ವ್ಯವಸ್ಥಾಪಕಿ ಉದ್ದ ಕೋಲಿನ ತುದಿಗೆ ಮೀನಿನ ತುಂಡು ಚುಚ್ಚುತ್ತಿದ್ದುದನ್ನು ನೋಡುತ್ತಿದ್ದ. ಕೋಲನ್ನು ಗಾಜಿಗೆ ಅಷ್ಟು ಹತ್ತಿರ ಇಳಿಸಬಾರದು. ಅಲ್ಲಿ ಕಬ್ಬಿಣದ ಚೌಕಟ್ಟಿನ ಮೂಲೆಯಿದೆ. ಹೇಳಬೇಕೆಂದು ಕೈ ಎತ್ತಿದ. ಚಪ್ಪಾಳೆ ಮತ್ತೆ ಎದ್ದಿತು, ಕೋಲು ಇಳಿಯಿತು, ಕಂದು ಮೈ ತಳದಿಂದ ಒಮ್ಮೆಲೇ ನೆಗೆಯಿತು. ಸಭೆ ಕಿರುಚಿತು. ತುಂಡು ಬಾಯಿಗೆ ಸಿಗುವ ಮೊದಲು ಮೂತಿ ಚೌಕಟ್ಟಿಗೆ ಬಡಿದ ಸದ್ದು ಅವನಿಗೆ ಗಾಜಿನೊಳಗಿಂದಲ್ಲ, ತನ್ನ ಹಲ್ಲಿನೊಳಗಿಂದ ಕೇಳಿದಂತಾಯಿತು. ನೀರಿನಲ್ಲಿ ಕೆಂಪು ಹೊಗೆ ಬಿಚ್ಚಿಕೊಂಡಿತು. ಯಾರೋ "ಹಾಗೇ ಆಗ್ಬೇಕು!" ಎಂದು ಕೂಗಿದರು. ಮಕ್ಕಳು ಗಾಜಿಗೆ ಗುದ್ದತೊಡಗಿದರು. ತಮ್ಮನ ಮಗಳು ಎಲ್ಲರಿಗಿಂತ ಮುಂದೆ ನಿಂತು, "ನಮ್ಮಪ್ಪನ ಕೈ ತಿಂದೆ ಅಲ್ವಾ, ತಿನ್ನು, ತಿನ್ನು!" ಎಂದು ಎರಡೂ ಮುಷ್ಟಿಗಳಿಂದ ಗುದ್ದುತ್ತಿದ್ದಳು. ಅವಳ ಮುಖದಲ್ಲಿದ್ದದ್ದು ಕೋಪವಲ್ಲ, ಸಂತೋಷ. ಕಟ್ಟೆಯ ಮೇಲೆ ಸತ್ತ ಬಾಯೊಳಗೆ ತಲೆಯಿಟ್ಟಿದ್ದ ಮಕ್ಕಳ ಮುಖದಲ್ಲಿ ಇದ್ದಂಥದ್ದೇ.

ಅಮ್ಮನ ಕೈಯಿಂದ ಮೈಕನ್ನು ಯಾವಾಗ ತೆಗೆದುಕೊಂಡನೋ ಅವನಿಗೆ ತಿಳಿಯದು. ತನ್ನ ದನಿ ಎಂದಿನಂತೆ ಸ್ಪಷ್ಟವಾಗಿ, ಪಾಠದ ದನಿಯಾಗಿಯೇ ಹೊರಟದ್ದು ಅವನಿಗೇ ಆಶ್ಚರ್ಯವಾಯಿತು. ತಮ್ಮನ ತೋಳನ್ನು ಹಿಡಿದು ಬೆಳಕಿಗೆ ತಿರುಗಿಸಿದ. "ಎಲ್ಲರೂ ಇಲ್ಲಿ ನೋಡಿ. ಇದು ಹಲ್ಲಿನ ಗುರುತಲ್ಲ. ಹಲ್ಲಾಗಿದ್ದರೆ ಅರ್ಧಚಂದ್ರದಂತೆ ಇರಬೇಕಿತ್ತು, ಅಂಚು ಹರಿದಿರಬೇಕಿತ್ತು. ಈ ಮೂರು ಗೆರೆ ಒಂದೇ ಅಂತರದಲ್ಲಿವೆ, ಒಂದೇ ಕಡೆಗೆ ಬಾಗಿವೆ. ಇದು ದೋಣಿಯ ಎಂಜಿನ್ನಿನ ಅಲಗು. ಈ ಮೀನಾಗಲಿ, ಇನ್ನಾವ ಮೀನಾಗಲಿ ನನ್ನ ತಮ್ಮನನ್ನು ಮುಟ್ಟಿಲ್ಲ. ಇವನ ಕೈ ಕತ್ತರಿಸಿದ್ದು ದೋಣಿ." ಮಾತಾಡುತ್ತಿರುವಾಗಲೇ ಅವನಿಗೆ ಗೊತ್ತಿತ್ತು, ಇದರಲ್ಲಿ ಶಾರ್ಕಿಗಾಗಿ ಆಡಿದ ಮಾತು ಅರ್ಧ ಮಾತ್ರ, ಉಳಿದರ್ಧ ಊಟದ ಮೇಜಿನ ಎದುರು ಕುರ್ಚಿಯಿಂದ ಬರುತ್ತಿದೆ. ಆದರೂ ಎದೆ ಹಗುರವಾಯಿತು. ಬಹಳ ವರ್ಷಗಳಿಂದ ತಪ್ಪಾಗಿ ಬರೆದಿಟ್ಟ ಒಂದು ವಾಕ್ಯವನ್ನು ಕಡೆಗೂ ತಿದ್ದಿದ ಹಾಗೆ.

ಅವನ ಹಿಡಿತದಲ್ಲಿದ್ದ ತಮ್ಮನ ತೋಳು ತಣ್ಣಗಾಗಿತ್ತು. ತಮ್ಮ ಅವನನ್ನು ನೋಡುತ್ತಿರಲಿಲ್ಲ, ಅಮ್ಮನನ್ನು ನೋಡುತ್ತಿದ್ದ. ಮರುಕ್ಷಣವೇ ಬಾಯಿ ತುಂಬ ನಕ್ಕು, ಮೈಕಿನ ಹತ್ತಿರಕ್ಕೆ ಬಾಗಿ, "ನಮ್ಮಣ್ಣನಿಗೆ ನಮ್ಮನೇಲಿ ಶಾರ್ಕಿನ ವಕೀಲ ಅಂತ ಹೆಸರು. ಇವತ್ತು ಕಕ್ಷಿದಾರನಿಗೆ ಜಾಮೀನು ಕೊಡಿಸೋಕೆ ನಿಂತಿದಾನೆ. ನಂಬಬೇಡಿ, ನನ್ನ ಕಣ್ಣಾರೆ ನಾನು ಅದರ ಬಾಯಿ ನೋಡಿದೀನಿ!" ಅಂದ. ಸಭೆ ಹೋ ಎಂದು ನಕ್ಕಿತು. ವ್ಯವಸ್ಥಾಪಕಿ ಮೇಲಿನಿಂದ ಚಪ್ಪಾಳೆ ತಟ್ಟಿದಳು. ಎಲ್ಲ ಸರಿಹೋಯಿತು, ಶಾರ್ಕು ಮತ್ತೆ ಶಾರ್ಕಾಯಿತು, ವೀರ ವೀರನಾದ. ನಗದೆ ಉಳಿದವಳು ಅಮ್ಮನೊಬ್ಬಳೇ.

ಅವಳು ಮೈಕಿಲ್ಲದೆ, ಅಡುಗೆಮನೆಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು: "ಯಾವ ದೋಣಿ?"

ಅವನು ಉತ್ತರ ಹೇಳಲು ಬಾಯಿ ತೆರೆದ. ಪ್ರವಾಸಿಗಳ ದೋಣಿ, ಯಾವುದೋ ಒಂದು... ಮಾತು ನಾಲಿಗೆಯ ಮೇಲೆ ಇರುವಾಗಲೇ ಅದರ ಹಿಂದೆ ಗಾಳಿ ಎದ್ದಿತು. ದಡದ ಮೇಲೆ ಕೈ ಕಟ್ಟಿ ನಿಂತ ಗಂಡಸರು ಕಂಡರು. ಕಡಲಿನಲ್ಲಿ ಒಂದೇ ಒಂದು ದೋಣಿ, ಅಲೆ ಎತ್ತಿ ಎತ್ತಿ ಹಾಕುತ್ತಿದ್ದ ದೋಣಿ. ಈಗಷ್ಟೇ ಇದೇ ಮೈಕಿನಲ್ಲಿ ಕೇಳಿದ್ದು, ಬೆಳಿಗ್ಗೆ ನಲ್ಲಿಯ ಸದ್ದಿನ ಆಚೆ ಕೇಳಿದ್ದು, ನೆಂಟರಿಗೆ, ನೆರೆಯವರಿಗೆ, ತಂತಿ ಸರಿಮಾಡುವವನಿಗೆ ಹೇಳಿದ್ದು. ಮಣಿಕಟ್ಟಿನ ಮೇಲೆ ಅಪ್ಪನ ಬೆರಳುಗಳು ಬಿಗಿದವು. ಬಿಡು. ಗೋಣಿಚೀಲದ ಕೆಳಗೆ ಎಂಜಿನ್ನು. ಬಾಯಿಗಿಟ್ಟ ಒಂದೊಂದು ತುತ್ತು. ಹೌದೇನಪ್ಪ, ಎಂದು ಎದ್ದು ಹೋದ ಬೆನ್ನು. ಇಷ್ಟು ವರ್ಷ ಇಡೀ ಉತ್ತರ ಅವನ ಮನೆಯಲ್ಲೇ, ಎಲ್ಲರ ಬಾಯಲ್ಲಿ ಓಡಾಡುತ್ತಿತ್ತು. ಅವನು ಗಾಯವನ್ನು ಓದಿದ್ದ, ಮನೆಯನ್ನು ಓದಿರಲಿಲ್ಲ.

"ಯಾವುದೂ ಇಲ್ಲ ಅಮ್ಮ," ಅಂದ ತಮ್ಮ. "ಶಾರ್ಕೇ. ಅಣ್ಣ ಅವತ್ತು ಊರಲ್ಲೇ ಇರ್ಲಿಲ್ಲ, ಅವನಿಗೇನು ಗೊತ್ತು?"

ಅಮ್ಮನ ಕೈ ಅಭ್ಯಾಸದಂತೆ ಆ ಮೂರು ಗೆರೆಗಳ ಕಡೆಗೆ ಹೋಯಿತು. ಬೆರಳು ತಾಗುವ ಮೊದಲೇ, ಬಿಸಿ ಪಾತ್ರೆಯಿಂದ ಎಳೆದುಕೊಂಡಂತೆ, ಹಿಂದಕ್ಕೆ ಬಂದು ಶಾಲಿನೊಳಗೆ ಸೇರಿತು. "ಎಂಜಿನ್ ಬಿಚ್ಚಿಟ್ಟಿದ್ದು ಅದಕ್ಕೇನಾ," ಅಂದಳು. ಅದು ಪ್ರಶ್ನೆಯಾಗಿರಲಿಲ್ಲ. "ರಾತ್ರಿ ಎದ್ದು ಕೂತ್ಕೋತಿದ್ರು. ಸೆಕೆ ಅಂತಿದ್ರು." ಇಷ್ಟು ಹೇಳಿ, ಎದುರಿಗೆ ಬಂದವರು ದಾರಿ ಬಿಡುವ ತನಕ ಕಾದು, ಬಾಗಿಲ ಕಡೆಗೆ ನಡೆದಳು. ಹುಡುಗಿ ಬಹುಮಾನದ ಪೊಟ್ಟಣ ಹಿಡಿದು, "ಅಜ್ಜಿ, ನಾನು ಚೆನ್ನಾಗಿ ಹೇಳಿದ್ನಾ? ಅಜ್ಜಿ?" ಎನ್ನುತ್ತ ಅವಳ ಹಿಂದೆ ಓಡಿದಳು.

ಕುರ್ಚಿಗಳನ್ನು ಮಡಿಸುವ ಸದ್ದಿನ ನಡುವೆ ಅಣ್ಣ-ತಮ್ಮ ಇಬ್ಬರೂ ತೊಟ್ಟಿಯ ಎದುರು ನಿಂತಿದ್ದರು. ತಮ್ಮ ಪಿನ್ನನ್ನು ಹುಡುಕುತ್ತಿದ್ದ. ಅದು ನೆಲದ ಮೇಲೆ ಅಣ್ಣನ ಕಾಲ ಬಳಿಯೇ ಬಿದ್ದಿತ್ತು. ಅವನು ಬಗ್ಗಿ ಎತ್ತಿಕೊಂಡ, ಕೊಡಲಿಲ್ಲ, ಖಾಲಿ ತೋಳನ್ನು ತಾನೇ ಮಡಿಸಲು ಹೋದ. ತಮ್ಮ ಒಂದು ಹೆಜ್ಜೆ ಹಿಂದೆ ಸರಿದು ಕೈ ಚಾಚಿದ. ಅವನು ಪಿನ್ನನ್ನು ಆ ಅಂಗೈಯಲ್ಲಿಟ್ಟ.

"ನನಗಾದ್ರೂ ಹೇಳ್ಬಹುದಿತ್ತು," ಅಂದ.

"ನಿನಗಾ?" ತಮ್ಮ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಪಿನ್ನು ಚುಚ್ಚಿಕೊಂಡು, ಆಮೇಲೆ ಹೇಳಿದ. "ದೋಣಿಯೊಳಗೆ ನನ್ನ ಎಳ್ಕೊಂಡಾಗ ಅಪ್ಪ ನಡುಗ್ತಿದ್ರು. 'ನಾನೇ ಕಣೋ, ನಾನೇ' ಅಂತ ಒಂದೇ ಸಮನೆ. ಆಗ ನಾನಂದೆ, 'ಇಲ್ಲಪ್ಪ, ಶಾರ್ಕು, ನಾನು ನೋಡ್ದೆ' ಅಂತ. ದಡ ಮುಟ್ಟೋ ತನಕ ಅದನ್ನೇ ಹೇಳ್ತಾ ಬಂದೆ. ಅವರು ನಂಬಿದ್ರೋ ಇಲ್ವೋ. ಅಮ್ಮ ನಂಬಿದ್ಲು, ಅವಳು ನಂಬಿದ್ದು ನೋಡಿ ಅವರು ಬದುಕಿದ್ರು. ನಿನಗೆ ಹೇಳಿದ್ರೆ ಏನು ಮಾಡ್ತಿದ್ದೆ ಅಣ್ಣ? ತಿದ್ದುತ್ತಿದ್ದೆ."

ಮತ್ತೆ, ಈಜುಕೊಳದ ಮಕ್ಕಳೊಂದಿಗೆ ಮಾತಾಡುವ ಹಗುರ ದನಿಯನ್ನು ತಂದುಕೊಂಡು, "ಆದ್ರೂ ನೀನು ಹೇಳಿದ್ದು ಸರಿ ಬಿಡು. ಪಾಪ, ಮೀನೇನೂ ಮಾಡಿರ್ಲಿಲ್ಲ," ಎಂದು ಹೊರಟುಹೋದ. ತಮ್ಮನ ನಡಿಗೆಯಲ್ಲಿ ಎಡಭುಜ ತುಸು ಮೇಲಕ್ಕೆ ಎತ್ತಿಕೊಂಡಿರುವುದನ್ನು, ಇಲ್ಲದ ಭಾರವೊಂದನ್ನು ಹೊತ್ತವರ ಹಾಗೆ, ಅವನು ಮೊದಲ ಸಲ ನೋಡಿದ. ಅದನ್ನು ಇದುವರೆಗೆ ಠೀವಿ ಎಂದುಕೊಂಡಿದ್ದ.

ಮಧ್ಯಾಹ್ನ ಎಂದಿನಂತೆ ಬಾಗಿಲು ತೆರೆದರು. ಸೋಮಾರಿ ತಳಕ್ಕೆ ಹೋಗಿ ಮಲಗಿತ್ತು. ಮೂತಿಯ ಮೇಲೆ ಬಿಳಿಯ ಗಾಯ ಬಾಯಿ ತೆರೆದಿತ್ತು. ಅವನು ಕೊಟ್ಟ ಸಿಗಡಿ ಮರಳಿನ ಮೇಲೆ ಹಾಗೇ ಬಿದ್ದಿತ್ತು. ಗಾಜಿನ ತುಂಬ ಮಕ್ಕಳ ಮುಷ್ಟಿಯ ಜಿಡ್ಡು ಗುರುತು. ಒರೆಸುವ ಬಟ್ಟೆ ಹಿಡಿದು ನಿಂತವನಿಗೆ ಮನೆಯ ಊಟದ ಮೇಜು ಕಾಣುತ್ತಿತ್ತು: ಎಣ್ಣೆಯ ಬಟ್ಟಲು, ಅದರ ಆಚೆ ತೋಳು, ಈಚೆ ಶಾಲಿನೊಳಗೆ ಸೇರಿಕೊಂಡ ಕೈ. ನಾಳೆ ಬೆಳಿಗ್ಗೆ ಆ ಎಣ್ಣೆ ಯಾರು ಹಚ್ಚುತ್ತಾರೆ? ಪ್ರತಿ ಬೆಳಿಗ್ಗೆ ಅಮ್ಮ ಮುಟ್ಟುತ್ತಿದ್ದದ್ದು ಮಗನನ್ನು ಮಾತ್ರವಲ್ಲ, ಅವನನ್ನು ಎತ್ತಿ ತಂದ ಗಂಡನನ್ನೂ. ಇಬ್ಬರನ್ನೂ ಅವನು ಒಂದೇ ವಾಕ್ಯದಲ್ಲಿ ತೆಗೆದುಹಾಕಿದ್ದ. ಅದೂ ಸರಿಯಾದ ವಾಕ್ಯ. ಒಂದು ಅಕ್ಷರವೂ ತಪ್ಪಿಲ್ಲ.

ಹೊರಗಿನಿಂದ ಬಂದ ಒಂದು ಕುಟುಂಬ ತೊಟ್ಟಿಯ ಮುಂದೆ ನಿಂತಿತು. ಗಂಡ, ಹೆಂಡತಿ, ಒಬ್ಬ ಮುದುಕಿ. ಮುದುಕಿ ಗಾಜಿನೊಳಗೆ ಇಣುಕಿ, ಅವನ ಎದೆಯ ಮೇಲಿನ ಬಿಲ್ಲೆ ನೋಡಿ, "ಏನಪ್ಪಾ, ಮಲಗೇ ಇದೆ. ಇದು ಮನುಷ್ಯರನ್ನ ತಿನ್ನುತ್ತಾ?" ಎಂದು ಕೇಳಿದಳು.

ಅವನು ಬಟ್ಟೆಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡ. ಸೋಮಾರಿ ಅವನ ನೆರಳನ್ನು ಕಂಡು ಮರಳಿನಿಂದ ತುಸು ಎದ್ದು, ಗಾಜಿನ ಹತ್ತಿರಕ್ಕೆ ಬಂದು, ಗಾಯವಾದ ಮೂತಿಯ ಕೆಳಗಿನ ಮೀಸೆಯನ್ನು ಗಾಜಿಗೆ ತಾಗಿಸಿತು. ಅವನು ಅದರ ಕಡೆಗೆ ಬೆನ್ನು ಮಾಡಿ ನಿಂತ.

"ತಿನ್ನುತ್ತಮ್ಮ," ಅಂದ. "ನನ್ನ ತಮ್ಮನ ಕೈ ತಿಂದದ್ದು ಇಂಥದ್ದೇ. ನಮ್ಮ ತಾಯಿ ಅಲ್ಲೇ ದಡದ ಮೇಲೆ ಇದ್ದರು. ಜೋರು ಗಾಳಿ. ಒಂದು ಹುಡುಗಿ ಕೊಚ್ಚಿಕೊಂಡು ಹೋಗ್ತಿತ್ತು, ನನ್ನ ತಮ್ಮ ಹಾರಿಬಿಟ್ಟ." ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡು ಹತ್ತಿರಕ್ಕೆ ಬಂದಳು. ಅವಳ ಕಣ್ಣು ಅಗಲವಾಗುವುದನ್ನು ನೋಡುತ್ತ, ತಾಯಿಯ ದನಿಯ ಏರಿಳಿತ ತನ್ನ ಗಂಟಲಿಗೆ ತಾನಾಗಿ ಬರುವುದನ್ನು ಕೇಳಿಸಿಕೊಳ್ಳುತ್ತ, ಅವನು ಮುಂದುವರಿಸಿದ:

"ಅವತ್ತು ಕಡಲಲ್ಲಿ ಒಂದೇ ಒಂದು ದೋಣಿಯೂ ಇರಲಿಲ್ಲ."